ಘಟ್ಟ ಹತ್ತಿದ ಉಪ್ಪು, ಹತ್ತದ ಅಯೋಡಿನ್

ಶಿರಸಿಯಿಂದ ಹುಲೇಕಲ್ ದಾಟಿ ಪಶ್ಚಿಮಕ್ಕೆ ಹೋದರೆ ವಾನಳ್ಳಿ ಸೀಮೆ. ಅಡಿಕೆ ತೋಟ, ಬೆಟ್ಟ, ಮತ್ತೊಂದು ಕಣಿವೆ, ಮತ್ತೊಂದು ತೋಟ. ಅದರಾಚೆ ನೆಲ ಥಟ್ಟನೆ ಇಳಿದು ಕುಮಟಾ, ಅಂಕೋಲೆಗಳ ಬಯಲು ಸೇರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರ ಮನೆಗಳು ಅಕ್ಕಿ, ಬಾಳೆ, ಬೆಲ್ಲ, ಮೆಣಸು, ಏಲಕ್ಕಿಗಳನ್ನು ತಮ್ಮ ಸುತ್ತಮುತ್ತಲೇ ಕಂಡುಕೊಂಡವು. ಉಪ್ಪಿಗೆ ಮಾತ್ರ ಘಟ್ಟದ ಕೆಳಗೆ ನೋಡಲೇಬೇಕಿತ್ತು.

ಆ ಉಪ್ಪು ಬರುತ್ತಿದ್ದದ್ದು ಗೋಕರ್ಣದ ಬಳಿಯ ಸಾಣಿಕಟ್ಟಾದಿಂದ. ಅಘನಾಶಿನಿ ಕಡಲು ಸೇರುವಲ್ಲಿ ಉಬ್ಬರದ ನೀರನ್ನು ಆಗರಗಳಿಗೆ ಬಿಟ್ಟುಕೊಂಡು, ಬಿಸಿಲಿಗೆ ಇಂಗಿಸಿ, ಹರಳು ಕಟ್ಟಿದ ಮೇಲೆ ಎಳೆದು ರಾಶಿ ಹಾಕುವ ಕೆಲಸ. ಈ ಕರಾವಳಿಯಲ್ಲಿ ಅದನ್ನು ತಲೆಮಾರುಗಳಿಂದ ಬಲ್ಲವರು ಆಗೇರರು. ಮೃಗಶಿರಾ ಮಳೆ ಹಿಡಿಯುವ ಮೊದಲು ಉಪ್ಪು ಘಟ್ಟ ಹತ್ತಿಬಿಡಬೇಕು. ಹಿಂದೆ ಹೇರೆತ್ತುಗಳ ಮೇಲೆ ಹತ್ತಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ದೇವಿಮನೆ ಘಟ್ಟದಲ್ಲಿ ಗಾಡಿದಾರಿ ಆದಮೇಲೆ ಗಾಡಿಗಳಲ್ಲಿ ಹತ್ತಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 1865ರವರೆಗೆ, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಸಿಗದಾದಾಗ ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿಗೆ ಇಳಿಯಿತು. ಹತ್ತಿ ಇಳಿಸಿದ ಗಾಡಿ ಬರಿದಾಗಿ ಮರಳುವುದುಂಟೆ? ತೆಂಗಿನಕಾಯಿ, ಒಣಮೀನು, ಉಪ್ಪು ಮೇಲೆ ಬಂದವು.

ಮನೆಗೆ ಬಂದ ಉಪ್ಪು ಮರಿಗೆಗೆ ಬೀಳುತ್ತಿತ್ತು. ಆಷಾಢದ ಥಂಡಿಗೆ ನೀರೊಡೆಯುವ ಹರಳನ್ನು ಒಲೆಯ ಬೆಚ್ಚಗೆ ತಾಗುವಲ್ಲಿ ಇಟ್ಟು ಕಾಪಾಡಬೇಕು. ಅಪ್ಪೆಮಿಡಿಗೆ ಬೇಕಾದದ್ದು, ದನಕ್ಕೆ ಬೇಕಾದದ್ದು, ತೆಂಗಿನ ಬುಡಕ್ಕೆ ಬೇಕಾದದ್ದು ಎಲ್ಲವೂ ಅದೇ ಹರಳುಪ್ಪು. ಸಮುದ್ರವೇ ಹರಳಾಗಿ ಮನೆಗೆ ಬಂದಿದೆ ಎಂದು ಯಾರಾದರೂ ಭಾವಿಸಿದರೆ ತಪ್ಪೇನಿಲ್ಲ. ಆದರೆ ಸಮುದ್ರದಲ್ಲಿರುವ ಒಂದು ವಸ್ತು ಆ ಗಾಡಿ ಹತ್ತಲಿಲ್ಲ. ಅಯೋಡಿನ್ ಇಲ್ಲದ ಆ ಉಪ್ಪನ್ನು ಘಟ್ಟದ ಮೇಲಿನವರು ಶತಮಾನಗಟ್ಟಲೆ ಉಂಡರು.

ಲೆಕ್ಕ ಸರಳವಾಗಿದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದ್ದರೆ ಅಯೋಡಿನ್ ಇರುವುದು 50–60 ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮಿನ ಲಕ್ಷದಲ್ಲಿ ಐದಾರು ಪಾಲು. ಅಷ್ಟೂ ಹರಳಿನಲ್ಲೇ ಉಳಿಯಿತು ಎಂದುಕೊಂಡರೂ ದಿನಕ್ಕೆ ಹತ್ತು ಗ್ರಾಂ ಉಪ್ಪು ತಿನ್ನುವವನಿಗೆ ಸಿಗುವುದು 17 ಮೈಕ್ರೋಗ್ರಾಂ ಆಸುಪಾಸು. ಬೇಕಾದದ್ದು 150. ನಿಜದಲ್ಲಿ ಅಷ್ಟೂ ಉಳಿಯುವುದಿಲ್ಲ. ಉಪ್ಪು ಹರಳುಗಟ್ಟಿದ ಮೇಲೆ ಆಗರದಲ್ಲಿ ಉಳಿಯುವ ಕಹಿನೀರಿನ ಜೊತೆಗೆ ಬಹುಪಾಲು ಹೋಗಿಬಿಡುತ್ತದೆ. ಕಡಲಿನ ಅಯೋಡಿನ್ ಮನುಷ್ಯನಿಗೆ ಸಿಗುವುದು ಮೀನು, ಸಿಗಡಿ, ಚಿಪ್ಪುಗಳ ಮೂಲಕ. ಶಾಕಾಹಾರದ ಹವ್ಯಕ ಮನೆಗಳಿಗೆ ಆ ದಾರಿಯೂ ಇರಲಿಲ್ಲ.

ಉಳಿದದ್ದು ನೆಲ. ಶಿರಸಿಯಲ್ಲಿ ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸು ಮಳೆ. ಘಟ್ಟದ ಅಂಚಿನಲ್ಲಿ ಇನ್ನೂ ಹೆಚ್ಚು. ನೀರಿನಲ್ಲಿ ಸುಲಭವಾಗಿ ಕರಗುವ ಅಯೋಡಿನ್ ಇಂಥ ಇಳಿಜಾರಿನ ಮಣ್ಣಿನಲ್ಲಿ ನಿಲ್ಲುವುದು ಕಷ್ಟ. ಸೊಪ್ಪಿನ ಬೆಟ್ಟದ ದರಕು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ, ಬೆಟ್ಟದ ಹುಲ್ಲು ದನಕ್ಕೆ, ಹಾಲು ಮನೆಗೆ. ಹೊರಗಿನಿಂದ ಏನನ್ನೂ ಬೇಡದ ಈ ಸುತ್ತು ಮಲೆನಾಡಿನ ಕೃಷಿಯ ಹೆಮ್ಮೆ. ಮಣ್ಣಿನಲ್ಲಿ ಇಲ್ಲದ್ದು ಆ ಸುತ್ತಿನಲ್ಲಿ ಎಲ್ಲಿಯೂ ಇರುವುದಿಲ್ಲ ಎಂಬುದು ಅದೇ ಹೆಮ್ಮೆಯ ಇನ್ನೊಂದು ಮುಖ. ಮಳೆಗಾಲದ ಕಳಲೆಯಲ್ಲಿ ಅಯೋಡಿನ್ ಬಳಕೆಯನ್ನು ತಡೆಯುವ ಅಂಶವನ್ನು ಉಂಟುಮಾಡುವ ವಸ್ತುವೂ ಇದೆ. ಕಳಲೆಯನ್ನು ಕೊಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸುವ ಪದ್ಧತಿ ಕಹಿಯ ಜೊತೆಗೆ ಆ ವಿಷವನ್ನೂ ಬಹುಮಟ್ಟಿಗೆ ಕಳೆಯುತ್ತಿತ್ತು.

ಇಷ್ಟು ಸಣ್ಣ ವಸ್ತುವಿನಿಂದ ದೇಹಕ್ಕೇನು ಆಗಬೇಕು? ಕುತ್ತಿಗೆಯ ಮುಂಭಾಗದಲ್ಲಿ, ಉಸಿರ್ನಾಳವನ್ನು ತಬ್ಬಿಕೊಂಡು ಕುಳಿತ ಥೈರಾಯ್ಡ್ ಗ್ರಂಥಿಯ ತೂಕ ಹೆಚ್ಚೆಂದರೆ 20–25 ಗ್ರಾಂ. ದೇಹದಲ್ಲಿರುವ ಅಯೋಡಿನ್ನಿನ ಬಹುಪಾಲನ್ನು ಅದೇ ಹಿಡಿದಿಟ್ಟುಕೊಂಡಿರುತ್ತದೆ. ಅದರಿಂದ ಎರಡು ಹಾರ್ಮೋನು ಕಟ್ಟುತ್ತದೆ: ನಾಲ್ಕು ಅಯೋಡಿನ್ ಪರಮಾಣುಗಳ ಥೈರಾಕ್ಸಿನ್, ಎಂದರೆ ಟಿ4, ಮೂರು ಪರಮಾಣುಗಳ ಟಿ3. ಗ್ರಂಥಿ ಹೆಚ್ಚಾಗಿ ಬಿಡುವುದು ಟಿ4. ಅದು ವಾರಗಟ್ಟಲೆ ರಕ್ತದಲ್ಲಿ ಓಡಾಡುವ ಸಂಗ್ರಹ. ಯಕೃತ್ತು, ಮೂತ್ರಪಿಂಡ, ಮೆದುಳುಗಳಲ್ಲಿ ಅದರ ಒಂದು ಪರಮಾಣು ಕಳಚಿದಾಗ ಕೆಲಸಗಾರ ಟಿ3 ಹುಟ್ಟುತ್ತದೆ. ಅದು ಜೀವಕೋಶದ ಕೇಂದ್ರವನ್ನೇ ಹೊಕ್ಕು ಯಾವ ಜೀನ್ ಎಷ್ಟು ಕೆಲಸ ಮಾಡಬೇಕೆಂದು ತಿದ್ದುತ್ತದೆ. ಹೃದಯದ ಬಡಿತ, ಮೈಯ ಬಿಸಿ, ಕರುಳಿನ ಚಲನೆ, ಮುಟ್ಟಿನ ಲಯ, ಕೂದಲು, ಚರ್ಮ, ಮಕ್ಕಳ ಎಲುಬು ಮತ್ತು ಬುದ್ಧಿ ಎಲ್ಲವೂ ಅದರ ಅಂಕೆಯಲ್ಲಿವೆ.

ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಈ ಹಾರ್ಮೋನಿನ ಮಟ್ಟವನ್ನು ಸದಾ ನೋಡುತ್ತಿರುತ್ತದೆ. ಕಡಿಮೆಯಾದರೆ ಟಿಎಸ್‌ಎಚ್ ಎಂಬ ಚೋದಕವನ್ನು ಹೆಚ್ಚು ಬಿಡುತ್ತದೆ, ಸಾಕಾದರೆ ತಗ್ಗಿಸುತ್ತದೆ. ತೋಟದ ಯಜಮಾನ ಆಳನ್ನು ಕೂಗಿದ ಹಾಗೆ: ಕೆಲಸ ಸಾಗದಿದ್ದರೆ ಕೂಗು ಏರುತ್ತದೆ. ಅಯೋಡಿನ್ನೇ ಇಲ್ಲದಿದ್ದರೆ ಎಷ್ಟು ಕೂಗಿದರೂ ಹಾರ್ಮೋನು ತಯಾರಾಗದು. ಕೂಗಿಗೆ ಓಗೊಟ್ಟು ಗ್ರಂಥಿ ಮಾತ್ರ ಬೆಳೆಯುತ್ತ ಹೋಗುತ್ತದೆ. ಹೊರಗೆ ಕಾಣುವ ಆ ಊತವೇ ಗಳಗಂಡ. ಸುಶ್ರುತ ಸಂಹಿತೆಯಲ್ಲೇ ಗಲಗಂಡದ ವಿವರಣೆ ಇದೆ. ಕುತ್ತಿಗೆಯಲ್ಲಿ ಕಾಣುವುದು ಹಾನಿಯ ಸಣ್ಣ ಪಾಲು. ಮೊದಲ ಮೂರು ತಿಂಗಳು ಗರ್ಭದ ಮಗುವಿಗೆ ಸ್ವಂತ ಹಾರ್ಮೋನಿಲ್ಲ, ತಾಯಿಯದೇ ಗತಿ. ಆಗಿನ ತೀವ್ರ ಕೊರತೆ ಮಗುವಿನ ಕಿವಿ, ಮಾತು, ಬೆಳವಣಿಗೆ, ಬುದ್ಧಿಗಳನ್ನು ಜನ್ಮಪೂರ್ತಿ ಕುಂಠಿತಗೊಳಿಸಬಲ್ಲದು.

ಇದೆಲ್ಲ ತಿಳಿಯುವುದಕ್ಕೆ ಜಗತ್ತಿಗೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1811ರಲ್ಲಿ ನೆಪೋಲಿಯನ್ನನ ಸೈನ್ಯಕ್ಕೆ ಮದ್ದಿನಪುಡಿಯ ಪೆಟ್ಲುಪ್ಪು ತಯಾರಿಸುತ್ತಿದ್ದ ಬರ್ನಾರ್ ಕೂರ್ತ್ವಾ ಕಡಲಪಾಚಿಯ ಬೂದಿಗೆ ಆಮ್ಲ ಬಿದ್ದಾಗ ಎದ್ದ ನೇರಳೆ ಹೊಗೆಯಲ್ಲಿ ಅಯೋಡಿನ್ ಕಂಡ. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅದನ್ನು ಗಳಗಂಡಕ್ಕೆ ಕೊಟ್ಟ. ಅಳತೆ ತಪ್ಪಿದವರಿಗೆ ಎದೆಬಡಿತ, ನಡುಕ ಬಂದು ಔಷಧಕ್ಕೆ ಕೆಟ್ಟ ಹೆಸರೂ ಬಂತು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡೋರ್ ಕೋಕರ್ ಊದಿದ ಗ್ರಂಥಿಯನ್ನು ಸುರಕ್ಷಿತವಾಗಿ ಕತ್ತರಿಸಿ ತೆಗೆಯುವುದರಲ್ಲಿ ಹೆಸರಾದವನು. 1883ರಲ್ಲಿ ಅವನು ಹಳೆಯ ರೋಗಿಗಳನ್ನು ಕರೆಸಿ ನೋಡಿದ. ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡು ಮರುಪರೀಕ್ಷೆಗೆ ಬಂದ 18 ಜನರಲ್ಲಿ 16 ಜನ ಮಂಕಾಗಿದ್ದರು, ಮುಖ ಊದಿತ್ತು, ಮೈ ತಣ್ಣಗಾಗಿತ್ತು. ಗ್ರಂಥಿಗೆ ಏನು ಕೆಲಸವೆಂಬುದು ಅದಿಲ್ಲದವರಿಂದ ತಿಳಿಯಿತು. ಕೋಕರ್‌ಗೆ 1909ರ ನೊಬೆಲ್ ಬಂತು.

1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ 46 ವರ್ಷದ ಹೆಂಗಸೊಬ್ಬಳಿಗೆ ಕುರಿಯ ಥೈರಾಯ್ಡಿನ ರಸವನ್ನು ಚುಚ್ಚಿದ. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿದಳು. ಆ ಬದುಕಿಗೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. 1895ರಲ್ಲಿ ಜರ್ಮನಿಯ ಬೌಮನ್ ಆ ಗ್ರಂಥಿಯೊಳಗೆ ಅಯೋಡಿನ್ ಇದೆಯೆಂದು ತೋರಿಸಿದ. 1914ರ ಡಿಸೆಂಬರ್ 25ರಂದು ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ನಿನ ಹರಳು ಪಡೆದ. ಮುಂದೆ ಸುಮಾರು ಮೂರು ಟನ್ ಹಂದಿ ಗ್ರಂಥಿಯಿಂದ ಅವನಿಗೆ ದಕ್ಕಿದ್ದು 33 ಗ್ರಾಂ. 1926–27ರಲ್ಲಿ ಚಾರ್ಲ್ಸ್ ಹ್ಯಾರಿಂಗ್ಟನ್ ಅದರ ರಚನೆಯನ್ನು ಬಿಡಿಸಿ, ಜಾರ್ಜ್ ಬಾರ್ಜರ್ ಜೊತೆಗೂಡಿ ಪ್ರಯೋಗಶಾಲೆಯಲ್ಲೇ ಕಟ್ಟಿತೋರಿಸಿದ. ಇಂದು ಶಿರಸಿಯ ಔಷಧಿ ಅಂಗಡಿಯಲ್ಲಿ ಸಿಗುವ ಥೈರಾಕ್ಸಿನ್ ಮಾತ್ರೆಯ ಹಾರ್ಮೋನು ಹಾಗೆ ಕಟ್ಟಿದ್ದು. ಕುರಿ, ಹಂದಿಗಳ ಹಂಗು ಅದಕ್ಕಿಲ್ಲ. 1952ರಲ್ಲಿ ಜ್ಯಾಕ್ ಗ್ರಾಸ್ ಮತ್ತು ರೋಸಲಿಂಡ್ ಪಿಟ್-ರಿವರ್ಸ್ ಟಿ3ಯನ್ನು ಗುರುತಿಸಿದರು.

ಭಾರತದಲ್ಲಿ ಈ ಹುಡುಕಾಟ ಹಿಮಾಲಯದಲ್ಲಿ ಮೊದಲಾಯಿತು. ರಾಬರ್ಟ್ ಮೆಕಾರಿಸನ್ ಎಂಬ ಸೈನ್ಯದ ವೈದ್ಯ ಗಿಲ್ಗಿಟ್‌ನ ಹಳ್ಳಿಗಳಲ್ಲಿ ಒಂದೇ ತೊರೆಯ ನೀರು ಕುಡಿಯುವವರನ್ನು ಗಮನಿಸಿದ. ತೊರೆ ಕೆಳಗೆ ಹರಿದು ಕೊಳೆಯಾದಷ್ಟೂ ಗಳಗಂಡ ಹೆಚ್ಚುತ್ತಿತ್ತು. ನೀರಿನ ಗಸಿಯನ್ನು ತಾನೇ ಕುಡಿದು ಪರೀಕ್ಷಿಸಿಕೊಂಡ. ಸೋಂಕೇ ಕಾರಣವೆಂಬ ಅವನ ತೀರ್ಮಾನವನ್ನು ಮುಂದಿನ ವಿಜ್ಞಾನ ಒಪ್ಪಲಿಲ್ಲ. ಆದರೂ ಆಹಾರ ಮತ್ತು ಗ್ರಂಥಿಯ ನಂಟನ್ನು ಅವನು ಬಿಡಲಿಲ್ಲ. ನೀಲಗಿರಿಯ ಕೂನೂರಿನಲ್ಲಿ ಅವನು ಬೆಳೆಸಿದ ಪ್ರಯೋಗಾಲಯ ದೇಶದ ಪೋಷಣಾ ವಿಜ್ಞಾನಕ್ಕೆ ತಳಪಾಯವಾಯಿತು.

ಅದೇ ದಶಕಗಳಲ್ಲಿ ಬೇರೆ ಕಡೆ ಉಪ್ಪಿನ ಉಪಾಯ ಹೊಳೆದಿತ್ತು. 1917ರಿಂದ ಅಮೆರಿಕದ ಓಹಾಯೊದ ಆಕ್ರನ್ ಪಟ್ಟಣದಲ್ಲಿ ಡೇವಿಡ್ ಮರೀನ್ ಶಾಲಾ ಹುಡುಗಿಯರಿಗೆ ಅಯೋಡೈಡ್ ಕೊಟ್ಟು ಗಳಗಂಡ ತಡೆಯಬಹುದೆಂದು ತೋರಿಸಿದ. 1922ರಲ್ಲಿ ಸ್ವಿಟ್ಜರ್ಲೆಂಡ್ ಉಪ್ಪಿಗೆ ಅಯೋಡಿನ್ ಬೆರೆಸತೊಡಗಿತು. ಬಡವ ಬಲ್ಲಿದರೆಲ್ಲ ಪ್ರತಿದಿನ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನುವ ಪದಾರ್ಥ ಉಪ್ಪೊಂದೇ ಎಂಬುದು ಅದರ ಹಿಂದಿನ ತರ್ಕ.

ಅದೇ ತರ್ಕದಿಂದಲೇ ಬ್ರಿಟಿಷ್ ಸರ್ಕಾರ ಇಲ್ಲಿ ಉಪ್ಪಿಗೆ ತೆರಿಗೆ ಹಾಕಿತ್ತು. 1930ರಲ್ಲಿ ಮಣಕ್ಕೆ ಒಂದೂಕಾಲು ರೂಪಾಯಿ. ಗಾಂಧೀಜಿ ದಂಡಿಯಲ್ಲಿ ಕಾನೂನು ಮುರಿದ ಒಂದು ವಾರಕ್ಕೆ, ಏಪ್ರಿಲ್ 13ರಂದು, ಅಂಕೋಲೆಯ ಕಡಲತಡಿಯಲ್ಲಿ ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಜನಸಾಗರದ ಎದುರು ಉಪ್ಪು ಎತ್ತಲಾಯಿತು. ಅದರ ಕಾವು ಘಟ್ಟ ಹತ್ತಿತು. ಸಿದ್ದಾಪುರ, ಶಿರಸಿಗಳ ರೈತರು ಕರನಿರಾಕರಣೆಗೆ ನಿಂತು ಭೂಮಿ, ಮನೆ, ಪಾತ್ರೆಪಗಡಗಳನ್ನು ಕಳೆದುಕೊಂಡರು. ಉಪ್ಪಿಗಾಗಿ ಇಷ್ಟು ತೆತ್ತ ಜಿಲ್ಲೆ ಮತ್ತೊಂದು ಸಿಗುವುದು ಕಷ್ಟ. 1947ರ ಏಪ್ರಿಲ್‌ನಲ್ಲಿ ತೆರಿಗೆ ಹೋಯಿತು. ಸಾಣಿಕಟ್ಟಾದ ಆಗರಗಳು ಮುಂದೆ ನಾಗರಬೈಲ್ ಉಪ್ಪಿನ ಮಾಲೀಕರ ಸಹಕಾರಿ ಸಂಘದ ಆಡಳಿತಕ್ಕೆ ಬಂದವು. ಉಪ್ಪು ಯಾರದ್ದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಉಪ್ಪಿನಲ್ಲಿ ಏನಿರಬೇಕು ಎಂಬ ಪ್ರಶ್ನೆ ಇನ್ನೂ ಎದ್ದಿರಲಿಲ್ಲ.

ಅದನ್ನು ಎತ್ತಿದವರು ವಿ. ರಾಮಲಿಂಗಸ್ವಾಮಿ. ಆಂಧ್ರದ ಶ್ರೀಕಾಕುಳದಲ್ಲಿ ಹುಟ್ಟಿ, ಕೂನೂರಿನ ಪ್ರಯೋಗಾಲಯದಲ್ಲಿ ದುಡಿದು, ದೆಹಲಿಯ ಏಮ್ಸ್ ಸೇರಿದ ಈ ವೈದ್ಯವಿಜ್ಞಾನಿ 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಸಂಗಡಿಗರೊಂದಿಗೆ ಪ್ರಯೋಗ ಹೂಡಿದರು. ಒಂದು ಲಕ್ಷದಷ್ಟು ಜನರಿದ್ದ ಪ್ರದೇಶವನ್ನು ಮೂರು ವಲಯ ಮಾಡಿ, ಒಂದಕ್ಕೆ ಅಯೋಡೈಡ್ ಬೆರೆಸಿದ ಉಪ್ಪು, ಇನ್ನೊಂದಕ್ಕೆ ಅಯೋಡೇಟ್ ಬೆರೆಸಿದ್ದು, ನಡುವಿನದಕ್ಕೆ ಬರಿಯ ಉಪ್ಪು. ಆರಂಭದಲ್ಲಿ ಮಕ್ಕಳಲ್ಲಿ ಶೇ 38ರಷ್ಟಿದ್ದ ಗಳಗಂಡ 1962ರ ಹೊತ್ತಿಗೆ ಅಯೋಡಿನ್ ಸಿಕ್ಕ ವಲಯಗಳಲ್ಲಿ ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದಿತ್ತು. ಬರಿಯ ಉಪ್ಪಿನ ವಲಯದಲ್ಲಿ ಇದ್ದಲ್ಲೇ ಇತ್ತು. ತೇವದ ಹವೆಯಲ್ಲಿ ಅಯೋಡೈಡ್ ಬೇಗ ಆರಿಹೋದರೆ ಅಯೋಡೇಟ್ ನಿಲ್ಲುತ್ತದೆ. ಉಪ್ಪು ನೀರೊಡೆಯುವ ಮಲೆನಾಡಿನಂಥ ಊರುಗಳಿಗೆ ಮುಂದೆ ಒದಗಿಬಂದ ಗುಣ ಇದು. ಇಂದು ದೇಶದ ಉಪ್ಪಿಗೆ ಬೆರೆಸುವುದು ಪೊಟ್ಯಾಸಿಯಂ ಅಯೋಡೇಟನ್ನೇ.

1962ರಲ್ಲೇ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಹುಟ್ಟಿತು. ಅದರ ಕಣ್ಣು ನೆಟ್ಟಿದ್ದು ಹಿಮಾಲಯದ ತಪ್ಪಲಿನ ಪಟ್ಟಿಯ ಮೇಲೆ. ಗಳಗಂಡವೆಂದರೆ ಸಮುದ್ರದಿಂದ ದೂರದ ಬೆಟ್ಟದವರ ಕಾಯಿಲೆ ಎಂಬ ನಂಬಿಕೆ ಅಧಿಕಾರಿಗಳಲ್ಲೂ ಬೇರೂರಿತ್ತು. ಪಶ್ಚಿಮ ಘಟ್ಟದ ನೆತ್ತಿಯಿಂದ ಕಡಲು ಕಾಣುತ್ತದಲ್ಲ! ಮುಂದಿನ ಸಮೀಕ್ಷೆಗಳು ಆ ನಂಬಿಕೆಯನ್ನು ಮುರಿದವು. ಕೊಡಗು, ಚಿಕ್ಕಮಗಳೂರಿನಂಥ ಘಟ್ಟದ ಜಿಲ್ಲೆಗಳಲ್ಲಿ, ದೇಶದ ಹಲವು ಕರಾವಳಿ ಜಿಲ್ಲೆಗಳಲ್ಲೂ ಕೊರತೆ ಕಂಡಿತು. ಇದುವರೆಗೆ ಸಮೀಕ್ಷೆ ನಡೆದ 414 ಜಿಲ್ಲೆಗಳಲ್ಲಿ 337 ಕೊರತೆಪೀಡಿತ ಎನ್ನುತ್ತದೆ ಸರ್ಕಾರದ ಲೆಕ್ಕ. ಯಾವ ಜಿಲ್ಲೆಗೆ ಬೇಕು, ಯಾವುದಕ್ಕೆ ಬೇಡ ಎಂದು ಗೆರೆ ಎಳೆಯುವುದರಲ್ಲಿ ಅರ್ಥವಿಲ್ಲವೆಂದಾಯಿತು. 1980ರ ದಶಕದ ಮಧ್ಯದಲ್ಲಿ ಇಡೀ ದೇಶದ ಊಟದ ಉಪ್ಪನ್ನು ಹಂತಹಂತವಾಗಿ ಅಯೋಡೀಕರಿಸುವ ನಿರ್ಧಾರವಾಯಿತು. ಮೊದಲು ಸರ್ಕಾರದ ಕೈಯಲ್ಲಿದ್ದ ತಯಾರಿಕೆಗೆ ಅಷ್ಟರಲ್ಲಿ ಖಾಸಗಿಯವರನ್ನು ಬಿಟ್ಟಿದ್ದರು. 1983ರಲ್ಲೇ ಟಾಟಾ ಉಪ್ಪಿನ ಪೊಟ್ಟಣ ಮಾರುಕಟ್ಟೆಗೆ ಬಂದಿತ್ತು. 1992ರಲ್ಲಿ ಕಾರ್ಯಕ್ರಮದ ಹೆಸರೇ ಬದಲಾಗಿ ಗಳಗಂಡದ ಜಾಗಕ್ಕೆ ಅಯೋಡಿನ್ ಕೊರತೆಯ ದೋಷಗಳು ಬಂದವು. ಕುತ್ತಿಗೆಗಿಂತ ಮೆದುಳು ಮುಖ್ಯ ಎಂಬ ತಿಳಿವಳಿಕೆ ಅದರಲ್ಲಿತ್ತು.

ಕಾನೂನಿನ ಹಾದಿ ಅಷ್ಟು ನೇರವಾಗಿರಲಿಲ್ಲ. ಅಯೋಡಿನ್ ಇಲ್ಲದ ಊಟದ ಉಪ್ಪಿನ ಮಾರಾಟಕ್ಕೆ 1998ರ ಮೇ ತಿಂಗಳಿಂದ ದೇಶವ್ಯಾಪಿ ನಿಷೇಧ ಬಂತು. ದಂಡಿಯ ನೆನಪಿದ್ದವರು ಕೆರಳಿದರು. ಜನರ ಉಪ್ಪನ್ನು ಕಂಪನಿಗಳ ಕೈಗೆ ಕೊಡುವ ಹುನ್ನಾರ ಇದು, ಸಣ್ಣ ಆಗರಗಳವರು ಯಂತ್ರ ಎಲ್ಲಿಂದ ತರಬೇಕು, ತಿನ್ನುವುದನ್ನು ಸರ್ಕಾರ ಬಲವಂತ ಮಾಡಬಹುದೇ ಎಂಬ ವಾದಗಳು ಎದ್ದವು. ಅವು ಹುರುಳಿಲ್ಲದ ವಾದಗಳಾಗಿರಲಿಲ್ಲ. ಪೊಟ್ಟಣದ ಉಪ್ಪು ಹರಳುಪ್ಪಿಗಿಂತ ದುಬಾರಿಯಾಗಿತ್ತು. 2000ದ ಸೆಪ್ಟೆಂಬರ್‌ನಲ್ಲಿ ಕೇಂದ್ರ ನಿಷೇಧವನ್ನು ಹಿಂತೆಗೆಯಿತು. ಫಲ ಬೇಗ ಕಂಡಿತು. 1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಾಕಷ್ಟು ಅಯೋಡಿನ್ ಇರುವ ಉಪ್ಪನ್ನು ಸುಮಾರು ಅರ್ಧದಷ್ಟು ಮನೆಗಳು ಬಳಸುತ್ತಿದ್ದವು. 2002–04ರ ಜಿಲ್ಲಾ ಮಟ್ಟದ ಸಮೀಕ್ಷೆಯಲ್ಲಿ ಅದು ಶೇ 30ರ ಆಸುಪಾಸಿಗೆ ಬಂತು. 2006ರ ಮೇ 17ರಿಂದ ನಿಷೇಧ ಮತ್ತೆ ಜಾರಿಯಾಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಕಲಬೆರಕೆ ತಡೆ ಕಾಯ್ದೆಯಡಿ ಇಂಥ ನಿಯಮ ಮಾಡಲು ಅಧಿಕಾರವಿಲ್ಲ ಎಂದಿತು. ಬದಲಿ ವ್ಯವಸ್ಥೆಗಾಗಿ ಆರು ತಿಂಗಳು ಅದನ್ನು ಉಳಿಸಿಯೂ ಕೊಟ್ಟಿತು. ಅಷ್ಟರಲ್ಲಿ ಹೊಸ ಆಹಾರ ಸುರಕ್ಷತಾ ಕಾಯ್ದೆ ಜಾರಿಗೆ ಬಂದು ನಿಷೇಧ ಅದರ ನಿಬಂಧನೆಗಳೊಳಗೆ ನೆಲೆಗೊಂಡಿತು.

ಈ ನಿಯಮದಲ್ಲಿ ಶಿರಸಿಯವರಿಗೆ ಹಿತವಾದ ಒಂದು ಎಡೆಯಿದೆ. ಜಾನುವಾರಿಗೆ, ಕೈಗಾರಿಕೆಗೆ, ಆಹಾರವನ್ನು ಕೆಡದಂತೆ ಇಡುವುದಕ್ಕೆ ಎಂದು ಚೀಟಿ ಹಚ್ಚಿ ಬರಿಯ ಉಪ್ಪು ಮಾರಬಹುದು. ಮಿಡಿ ಉಪ್ಪಿನಲ್ಲಿ ಹಾಕುವವರು ಇಂದಿಗೂ ಹರಳುಪ್ಪನ್ನೇ ಹುಡುಕುತ್ತಾರೆ. ಉಪ್ಪಿನಕಾಯಿಯ ಭರಣಿಯಲ್ಲಿ ಸಾಣಿಕಟ್ಟಾ ಉಳಿದುಕೊಂಡಿದೆ. ಸಾರು, ಹುಳಿ, ತಂಬುಳಿಗಳಿಗೆ ಪೊಟ್ಟಣ ಬಂದಿದೆ. ಅಂಗಡಿಯಲ್ಲಿ ಕೊಳ್ಳುವಾಗ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ ಕನಿಷ್ಠ 15 ಪಾಲು ಅಯೋಡಿನ್ ಇರಬೇಕೆಂಬುದು ನಿಯಮ. ಹತ್ತು ಗ್ರಾಮಿಗೆ 150 ಮೈಕ್ರೋಗ್ರಾಂ ಆಯಿತು, ಬೇಕಾದಷ್ಟೇ. ಒಬ್ಬ ಮನುಷ್ಯನಿಗೆ ಎಪ್ಪತ್ತು ವರ್ಷಕ್ಕೆ ಬೇಕಾದ ಒಟ್ಟು ಅಯೋಡಿನ್ ನಾಲ್ಕು ಗ್ರಾಮಿನೊಳಗೆ ಮುಗಿಯುತ್ತದೆ. ಬಸುರಿಗೆ ಮಾತ್ರ ದಿನದ ಪಾಲು ಹೆಚ್ಚು, 250 ಮೈಕ್ರೋಗ್ರಾಂ. 2018–19ರ ಅಯೋಡಿನ್ ಸಮೀಕ್ಷೆಯ ಪ್ರಕಾರ ದೇಶದ ಶೇ 76ರಷ್ಟು ಮನೆಗಳ ಉಪ್ಪಿನಲ್ಲಿ ಸಾಕಷ್ಟು ಅಯೋಡಿನ್ ಇತ್ತು.

ಹಾಗಾದರೆ ಈಗ ಮನೆಮನೆಯಲ್ಲೂ ಥೈರಾಯ್ಡ್ ಮಾತ್ರೆ ಯಾಕೆ? ಮದುವೆ ಮನೆಯ ಪಂಕ್ತಿಯಲ್ಲಿ, ಸೊಸೈಟಿಯ ಜಗಲಿಯಲ್ಲಿ ಕೇಳಿಬರುವ ಪ್ರಶ್ನೆ ಇದು. ‘ಆ ಪೊಟ್ಟಣದ ಉಪ್ಪು ಬಂದಮೇಲೇ ಇದೆಲ್ಲ’ ಎಂಬ ಉತ್ತರವೂ ಅಲ್ಲೇ ಸಿದ್ಧವಿರುತ್ತದೆ. 2013ರಲ್ಲಿ ಪ್ರಕಟವಾದ, ಬೆಂಗಳೂರೂ ಸೇರಿದ ಎಂಟು ನಗರಗಳ ಅಧ್ಯಯನದಲ್ಲಿ ವಯಸ್ಕರಲ್ಲಿ ಸುಮಾರು ಶೇ 11 ಜನರಿಗೆ ಹಾರ್ಮೋನು ಕೊರತೆ ಕಂಡದ್ದು ನಿಜ. ಅಯೋಡಿನ್ ಸಾಕಷ್ಟು ಸಿಗುವ ಕಡೆ ಕೊರತೆಯ ಮುಖ್ಯ ಕಾರಣ ಬೇರೆ. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ವಿವರಿಸಿದ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುತ್ತದೆ. ಹೆಂಗಸರಲ್ಲಿ ಹೆಚ್ಚು, ವಂಶದಲ್ಲಿ ಹರಿಯುವಂಥದ್ದು. ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಒಣಚರ್ಮ, ಮುಟ್ಟಿನ ಏರುಪೇರು, ಮಂಕು ಅದರ ಲಕ್ಷಣ. ಐರ್ಲೆಂಡಿನ ರಾಬರ್ಟ್ ಗ್ರೇವ್ಸ್ 1835ರಲ್ಲಿ ವಿವರಿಸಿದ ರೋಗದಲ್ಲಿ ಇದರ ತಿರುವುಮುರುವು: ಉಂಡದ್ದು ಮೈಗೆ ಹತ್ತದು, ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಸೆಕೆ ತಡೆಯದು, ಕೆಲವರಿಗೆ ಕಣ್ಣು ಮುಂದೆ ಚಾಚುತ್ತದೆ. ಇವೆರಡನ್ನೂ ಉಪ್ಪು ಬದಲಿಸಿ ಗುಣಪಡಿಸಲಾಗದು.

ಹಳೆಯ ಕೊರತೆ ಇದ್ದ ಊರಿಗೆ ಅಯೋಡಿನ್ ಬಂದಾಗ ಇಂಥ ರೋಗಗಳು ಕೊಂಚ ಹೆಚ್ಚುವುದುಂಟು ಎಂಬುದನ್ನು ವೈದ್ಯರು ಬಲ್ಲರು. ಅದನ್ನು ಮುಚ್ಚಿಡಬೇಕಾಗಿಲ್ಲ. ಈಚೆಗೆ ಲೆಕ್ಕ ಏರಿರುವುದಕ್ಕೆ ಇನ್ನೊಂದು ಕಾರಣ ಪರೀಕ್ಷೆ. ಟಿಎಸ್‌ಎಚ್ ಅಳೆಯುವ ಸೌಲಭ್ಯ ತಾಲೂಕಿಗೂ ಬಂದ ಮೇಲೆ ಹಿಂದೆ ಸೋಮಾರಿತನವೆಂದೋ ವಯಸ್ಸೆಂದೋ ಬೈಸಿಕೊಂಡದ್ದಕ್ಕೆ ಈಗ ಕಾಯಿಲೆಯೆಂಬ ಮಾನ್ಯತೆ ಸಿಕ್ಕಿದೆ. ಬೆಳಗ್ಗೆ ಖಾಲಿಹೊಟ್ಟೆಯಲ್ಲಿ ನುಂಗುವ ಒಂದು ಮಾತ್ರೆ, ವರ್ಷಕ್ಕೊಮ್ಮೆಯೋ ಎರಡು ಸಲವೋ ರಕ್ತಪರೀಕ್ಷೆ. ಅಷ್ಟರಲ್ಲಿ ಬಹಳ ಜನರ ಬದುಕು ಮೊದಲಿನಂತಾಗುತ್ತದೆ. ನಮ್ಮ ದೇಶದಲ್ಲಿ ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಈ ಹಾರ್ಮೋನಿನ ಕೊರತೆ ಇರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲಿ ಅದನ್ನು ಪತ್ತೆಹಚ್ಚಿ ಬೇಗ ಮಾತ್ರೆ ಕೊಟ್ಟರೆ ಮಗುವಿನ ಬುದ್ಧಿ ಉಳಿಯುತ್ತದೆ. ಬಾಣಂತಿಯ ಮನೆಯವರು ಕೇಳಿ ಮಾಡಿಸಬೇಕಾದ ಪರೀಕ್ಷೆ ಇದು.

ಪೊಟ್ಟಣದ ಉಪ್ಪನ್ನು ಬಿಟ್ಟು ಹಳೆಯ ಹರಳಿಗೆ ಮರಳೋಣ ಎನ್ನುವವರಿಗೆ ಕಾಂಗ್ರಾದ ನಡುವಲಯವೂ 2000ದ ನಂತರದ ಅಂಕಿಯೂ ಉತ್ತರ ಹೇಳಿವೆ. ಮೈಲಿ ಹಾಕಿ ಸಿಡುಬನ್ನು ಊರು ಬಿಡಿಸಿದ ಹಾಗೆ ಅಯೋಡಿನ್ ಕೊರತೆಯನ್ನು ಒಮ್ಮೆಗೇ ಓಡಿಸಲಾಗದು. ಘಟ್ಟದ ಮಳೆ ಪ್ರತಿ ವರ್ಷ ಅಯೋಡಿನ್ನನ್ನು ತೊಳೆದುಕೊಂಡು ಹೋಗುತ್ತದೆ. ಉಪ್ಪು ಪ್ರತಿ ದಿನ ಅದನ್ನು ತರಲೇಬೇಕು.